ಘಡಿ

ಶಹಾಪುರದ ಖಡೇಬಜಾರದಾಗ
ಹನ್ನೊಂದು ವರ್ಷದಿಂದ ನಂದು ಒಂದಽ ಕೆಲಸ:
ಗಿರಾಕಿ ಬಿಚ್ಚಿಸಿ ಬಿಟ್ಟುಹೋದದ್ದನ್ನ ಮಡಚೂದು.
ಬಿಚ್ಚಿ ತೋರಸಾಕ ಬ್ಯಾರೆಯವರದಾರ, ಅವರಿಗೆ ಪಗಾರ ಹೆಚ್ಚು.
ನನ್ನ ಕೈಗೆ ಬರೂದು ಬ್ಯಾಡಾದ ಸೀರಿ.
ಸೆರಗು ಗಾಢಾತು, ಅಂಚು ಸಣ್ಣಾತು,
ಅತ್ತಿಯವರಿಗೆ ಸೇರಲಿಲ್ಲ.
ಅಂಚಿಗೆ ಅಂಚು ಕೂಡಿಸಿ, ಮೊಣಕೈಲೆ ಒತ್ತಿ,
ಮೊದಲಿನ ಗೆರಿ ಎಲ್ಲಿತ್ತೋ ಅಲ್ಲೇ ಮುರೀಬೇಕು.
ಘಡಿ ತಪ್ಪಿತಂದ್ರ ಮಂದಿ ಹಳೇ ಸೀರಿ ಅಂತಾರ.

ಜಿಟಿಜಿಟಿ ಮಳಿ ಹಿಡದಿತ್ತು.
ಕ್ಯಾಂಪಿನ ಕಾಯ್ತಾನ ಮಾಸ್ತರ ಒಳಗ ಬಂದ್ರು,
ಸೀರಿಗಲ್ಲ, ಬಸ್ಸು ಬರೂತನಾ ನಿಲ್ಲಾಕ.
ಪಾದ್ರಿ ಆಗೋ ಹುಡುಗರಿಗೆ ಲ್ಯಾಟಿನ್ ಕಲಸ್ತಿದ್ರಂತ;
ಈಗ ಹುಡುಗರಿಲ್ಲ, ಲ್ಯಾಟಿನ್ ಅಷ್ಟ ಉಳದೈತಿ.
ಛತ್ರಿ ಮಡಚಿ ಮೂಲ್ಯಾಗಿಟ್ಟು ನನ್ನ ಕೈ ನೋಡಿದ್ರು.
"ತಂಗಿ, ನೀ ಮಾಡೂದಕ್ಕ ಅಲ್ಲಿ ಒಂದು ಮಾತಿತ್ತು,
ಪ್ಲಿಕಾರೆ."

ಮಡಚು. ಅಷ್ಟಽ ಅದರ ಅರ್ಥ.
ಇಟಲಿಯೊಳಗ ಅದು ಇನ್ನೂ ಅರಿವಿ ಮಡಚತೈತಂತ.
ಪಡುವಣದ ಹಡಗಿನವರು ದಂಡಿ ಕಂಡಕೂಡಲೆ
ಹಾಯಿ ಮಡಚತಿದ್ರು;
ಮಡಚಿದ್ರಂದ್ರ ಮುಟ್ಟಿದ್ರು ಅಂತ ಆತು.
ಮಾಸ್ತರರ ಅಜ್ಜ ಮನಿ ಹೊಸ್ತಲದಾಗ ಚಪ್ಪಲಿ ಬಿಟ್ಟು
"ಶೆಗೇಯ್" ಅಂತಿದ್ರಂತ ಪೋರ್ತುಗೀಸಿನ್ಯಾಗ: ಬಂದೆ.
ಮೂಡಣಕ್ಕ ರುಮೇನಿಯಾದಾಗ ಮಾತ್ರ
ಡೇರೆ ಮಡಚಿದ್ರಂದ್ರ ಜಾಗಾ ಬಿಟ್ರು.
"ಪ್ಲೆಕ್" ಅಂತಾರ ಅಲ್ಲಿಯವರು: ಹೊಂಟೆ.
ಅದಽ ಅವ್ವನ ಮಗಳು, ಮಾರಿ ತಿರುವಿ ನಿಂತಾಳ.

"ಮಾಸ್ತರ, ಇದು ನಮ್ಮನಿ ಜಗಳಾ ಆತು" ಅಂದೆ.
ನಮ್ಮ ಬಾಳೇಶ ರಾತ್ರಿ ಟೆಂಪೋದಾಗ ಕೋಬಿ ಹೇರಿ
ಚೋರ್ಲಾ ಘಾಟ ಇಳದು ಮಾಪಸಾಕ್ಕ ಹೋಗತಾನ.
ತಾಡಪತ್ರಿ ಮಡಚಿದ್ರ ಅವಂಗ ಊರು ಮುಟ್ಟಿದಂಗ,
ಸೀರಿ ಮಡಚಿದ್ರ ನಂಗ ಗಿರಾಕಿ ಎದ್ದುಹೋದಂಗ.
ನಸಕಿನ್ಯಾಗ ನಾ ಕೌದಿ ಮಡಚೂಮುಂದ
ಅವ ಬಾಗಲಾ ಬಡೀತಾನ;
ಅದನ್ನಽ ಮತ್ತ ಬಿಚ್ಚಿ ಹೊದ್ದು ಮಲಗತಾನ,
ನನ್ನ ಕಾವು ಇನ್ನೂ ಆರಿರೂದಿಲ್ಲ.
ರವಿವಾರ ಆ ಕೌದಿ ಯಾರೂ ಮಡಚೂದಿಲ್ಲ,
ಮಧ್ಯಾಹ್ನದ ತನಾ ಹಂಗಽ ಬಿದ್ದಿರತೈತಿ.

ಇಷ್ಟೂ ಮಾಸ್ತರಿಗೆ ಹೇಳಲಿಲ್ಲ,
ತಾಡಪತ್ರಿ ತನಾ ಹೇಳಿ ಸುಮ್ಮನಾದೆ.

"ನಿಮ್ಮ ಕನ್ನಡದಾಗ ಹೆಂಗ?"
"ಹೋಗೋರು ಹೋಗತೀನಿ ಅನ್ನಂಗಿಲ್ರಿ ನಮ್ಮಲ್ಲಿ.
ಬರ್ತೀನಿ ಅಂತಾರ."
"ಬರೋರು?"
"ಬರೋರು ಏನೂ ಅನ್ನಂಗಿಲ್ಲ. ಕುಡ್ಯಾಕ ನೀರು ಕೇಳತಾರ."

ಸೀರಿಯೊಳಗಿನ ರಟ್ಟು ಇಸಗೊಂಡು
ಬಿಲ್ಲಿನ ಪೆನ್ಸಿಲ್ಲಿನಿಂದ ಏನೋ ಬರಕೊಂಡ್ರು.
ಆಮ್ಯಾಲೆ ತಾವೂ ಒಂದು ಸೀರಿ ಮಡಚಿ ನೋಡಿದ್ರು.
ಐದು ಭಾಷಾದಾಗ ಮಡಚಾಕ ಬಲ್ಲಂಥಾ ಮನಷಾ,
ಕೈಯಾಗ ಬರಲಿಲ್ಲ;
ಸೆರಗು ಒಂದು ಕಡೆ ಜೋತು, ನೆರಿಗಿ ಒಂದು ಕಡೆ ಉಬ್ಬಿ,
ಹಡಗೂ ಅಲ್ಲ, ಡೇರೇನೂ ಅಲ್ಲ.

ಬಸ್ಸು ಹಾರ್ನ್ ಹೊಡೀತು.
"ಬರ್ತೀನವಾ" ಅಂದ್ರು,
ಮೆಟ್ಟಲ ಮ್ಯಾಲೆ ನಿಂತು ಛತ್ರಿ ಬಿಚ್ಚಿದ್ರು.

ಅವರು ಮಡಚಿದ್ದು ಮ್ಯಾಲಿನ ಖಾನ್ಯಾಗ ಹಂಗಽ ಐತಿ.
ಗೆರಿ ಕೂಡಿಸಾಕ ಎರಡು ಸಲ ಕೈ ಹೋಗಿ, ತಿರುಗಿ ಬಂತು.
ಮಾಲಕರು ಕೇಳಿದ್ರ
ಹಳೇ ಸೀರಿ ಅಂತೀನಿ.