ಬೆನ್ನು ಬಿರಿದ ಪುಸ್ತಕ

ಸಿದ್ದಾಪುರದ ನಮ್ಮ ಗ್ರಂಥಾಲಯಕ್ಕೆ ಬಂದಾಗ
ಒಂದೇ ಪುಸ್ತಕ ಅದು. ಸಾವಿರದ ಹನ್ನೆರಡು ಪುಟ.
ಪಕ್ಕದ ಮಂಡಿಯ ತಕ್ಕಡಿಗೆ ಹಾಕಿ ನೋಡಿದೆವು:
ಒಂದೂಕಾಲು ಕೆ.ಜಿ.
ಒಳ್ಳೆಮೆಣಸಾಗಿದ್ದರೆ ಬೆಲೆಯಾದರೂ ಬರುತ್ತಿತ್ತು, ಎಂದ ಮಂಡಿಯವನು.

ಕಕ್ಕಡ ಹುಟ್ಟಿದ ವಾರ ಗೋಂದು ನೀರು ಕುಡಿದು
ಬೆನ್ನು ಬಿರಿಯಿತು. ಐದು ತುಂಡು.
ಹೊಲಿಸಲು ದುಡ್ಡು ಕೇಳಿದ ನನ್ನ ಅರ್ಜಿ
ಮಡಿಕೇರಿಯ ಯಾವುದೋ ಕಡತದೊಳಗೆ
ಇನ್ನೂ ಮೊದಲನೆಯ ಅಧ್ಯಾಯದಲ್ಲೇ ಇದೆ.
ತುಂಡುಗಳನ್ನೇ ಕೊಟ್ಟೆ. ಒಂದು ನಂಬರು, ಐದು ರುಜು.

ಮೊದಲನೆಯದು ಆಸ್ಪತ್ರೆಯ ರಾತ್ರಿ ಪಾಳಿಯ ಮುತ್ತವ್ವನಿಗೆ.
ಎರಡನೆಯದು, ಮಾಕುಟ್ಟದ ಘಾಟಿ ಹತ್ತಿ ಮೀನು ತರುವ
ಮೊಯ್ದೀನ್ ಕುಟ್ಟಿಗೆ.
ಕ್ಯೂರಿಂಗಿನಲ್ಲಿ ಕಪ್ಪು ಬೀಜ ಆರಿಸುವ ತಂಗಮಣಿಗೆ ಮೂರು.
ನಾಲ್ಕು, ಆನೆ ಕಾಯುವ ಚಾತನಿಗೆ;
ಅದೇ ಟಾರ್ಚು ಆನೆಗೂ ಆಗುತ್ತದೆ, ಪುಟಕ್ಕೂ, ಎಂದ.
ಐದನೆಯದನ್ನು ಒಯ್ದವರ ರುಜು ಓದಲಾಗಲಿಲ್ಲ.

ಭಾನುವಾರ ಸಂತೆ ಮುಗಿಸಿ ಬಂದರೆ ನನ್ನ ಮೇಜಿನ ಸುತ್ತ ಜಗಳ.
ಗಡಿಯಾರ ರಿಪೇರಿಯ ಪಾಸ್ಕಲನಿಗೆ ಎರಡೂ ಕೈ ಇವೆ, ಎಂದಳು ಮುತ್ತವ್ವ.
ಒಂದೇ, ಎಂದ ಚಾತ.
ಇಬ್ಬರೂ ಮೊಯ್ದೀನನ ಮುಖ ನೋಡಿದರು.
ಅವನು ಐಸು ಕರಗಿದ ಬೆರಳಿನಲ್ಲಿ ಪುಟ ತಿರುವಿದ, ತಿರುವಿದ.
ಆ ಕೈ ನನ್ನಲ್ಲಿಲ್ಲ ಕಣ್ರೀ,
ನನ್ನಲ್ಲಿ ಬರೀ ರುದ್ರಾಣಿ. ಎಂಟು ವರ್ಷ.
ಹಡಗಿನಲ್ಲಿ ಬಿಸ್ಕತ್ತು ಕದ್ದು ಲಂಗದಲ್ಲಿ ಬಚ್ಚಿಡುತ್ತಾಳೆ.
ತಂಗಮಣಿ ಒಮ್ಮೆಲೇ ಬಿಕ್ಕಿದಳು.
ಅವಳು ಓದಲು ಹಿಡಿದದ್ದೇ
ರುದ್ರಾಣಿಯ ಹೆಣ ಎತ್ತುವಲ್ಲಿಂದ.
ಇಷ್ಟು ದಿನ ಅದು ಯಾರದೋ ಹೆಣವಾಗಿತ್ತು.

ತುಲಾ ಸಂಕ್ರಮಣ ಕಳೆದ ಮೇಲೆ
ಕಿಟಕಿಯ ಸರಳಿಗೆ ಸಿಕ್ಕಿಸಿದ್ದರು ಯಾರೋ, ಐದನೆಯದನ್ನು.
ಗಟ್ಟಿಯಾಗಿ ಓದಿದೆ, ನಾಲ್ವರಿಗೂ.
ಪಾಸ್ಕಲ್ ಇಲ್ಲ. ಅವನ ಕೈ ಇಲ್ಲ. ಹಡಗೂ ಇಲ್ಲ.
ಎಲ್ಲಿಂದಲೋ ಬಂದ ಉಪ್ಪಿನ ಗುಮಾಸ್ತನೊಬ್ಬ, ಅವನ ಮೂವರು ಅಕ್ಕಂದಿರು,
ಅವರ ಬಾವಿಯ ವ್ಯಾಜ್ಯ,
ಇನ್ನೂರು ಪುಟ, ಹೊಚ್ಚ ಹೊಸದಾಗಿ.

ಮುತ್ತವ್ವ ಬರೆದವನನ್ನು ಬೈದಳು.
ಮೊಯ್ದೀನ್ ಬೀಡಿ ಹಚ್ಚಲು ಹೊರಗೆ ಹೋದ.
ಚಾತ ಮಾತ್ರ ತಲೆಯಾಡಿಸಿದ: ಹಿಂಡು ಹೀಗೇ.
ಎಣಿಸಿ ಆಯಿತು ಅಂತ ಮರ ಇಳಿದರೆ
ಹಿಂದಿನಿಂದ ಇನ್ನೊಂದು ಬರುತ್ತದೆ.

ಮರುವಾರ ತಂಗಮಣಿ ದಬ್ಬಳ ತಂದಳು,
ಕಾಫಿ ಚೀಲ ಬಿಚ್ಚಿದ ದಾರ.
ಯಾವುದು ಮೊದಲು ಎಂದು ಅವಳು ಕೇಳಲಿಲ್ಲ,
ನಾನು ಹೇಳಲಿಲ್ಲ.
ಮೂರು, ಒಂದು, ಐದು, ಎರಡು, ನಾಲ್ಕು.

ಈಗ ಹೆಣ ಎತ್ತಿದ ಮೇಲೆ
ಮುತ್ತವ್ವನ ಮದ್ದುಸೊಪ್ಪಿನ ಪಾಯಸ ಚೆಲ್ಲಿದ ನೇರಳೆ ಪುಟ,
ಅದನ್ನೂ, ಅಕ್ಕಂದಿರ ಬಾವಿಯನ್ನೂ ದಾಟಿ
ರುದ್ರಾಣಿ ಹಡಗು ಹತ್ತುತ್ತಾಳೆ.

ಆಮೇಲೆ ಎಂಟು ಮಂದಿ ಒಯ್ದಿದ್ದಾರೆ.
ಕಥೆ ತಪ್ಪಿದೆ ಎಂದು ಯಾರೂ ಬರೆದುಕೊಟ್ಟಿಲ್ಲ.
ಒಂದೇ ಒಂದು ದೂರು,
ದೂರುಗಳ ಪುಸ್ತಕದ ಹನ್ನೊಂದನೆಯ ಸಾಲು:
ಓದುವಾಗ ಗೋಣಿ ವಾಸನೆ.