ಅತಿಥಿ

ಬಲಗೈಯ ಕಿರುಬೆರಳು ನನ್ನದು
ಈಗಲೂ ಬಂದರಿನ ಕಡೆಗೆ ಓರೆ.
ಅಂತರ ವಿವಿ ಪಂದ್ಯ, ಏಳನೇ ಇನ್ನಿಂಗ್ಸ್,
ಗ್ಲೌಸು ತಪ್ಪಿಸಿ ಬಂದ ಚೆಂಡು.
ಅಮ್ಮ ಬಂಗುಡೆ ಎಣಿಸುತ್ತಲೇ ಕೇಳಿದ್ದಳು:
"ಹಿಡಿದದ್ದಕ್ಕೆ ಎಷ್ಟು ಕೊಡ್ತಾರೆ ಮಾರಾಯ್ತಿ?"

ಬಿ.ಪಿ.ಎಡ್. ಸೀಟು ಕೊಟ್ಟರು.
ಆಮೇಲೆ ಸುರತ್ಕಲ್ಲಿನ ಶಾಲೆ, ಪಿ.ಟಿ. ಟೀಚರು:
ಹಾಲಿನ ಪುಡಿಯ ಲೆಕ್ಕ, ಧ್ವಜದ ಹಗ್ಗ.
ಆಮೇಲೆ ಕಾಲೇಜು. ಸಾಫ್ಟ್‌ಬಾಲ್ ಕೋಚ್,
ಕಾಗದದಲ್ಲಿ ಅತಿಥಿ.

ಹನ್ನೊಂದು ವರ್ಷದ ಅತಿಥಿಗೆ
ಯಾರು ಕೊಡುತ್ತಾರೆ ಬೆಲ್ಲ, ನೀರು?
ಏಪ್ರಿಲಿಗೆ ಕರಾರು ಮುಗಿಯುತ್ತದೆ, ಜೂನಿಗೆ ಹೊಸ ಅರ್ಜಿ.
ಮೂರು ಬೇಸು ಸುತ್ತಿ ಹೋಮ್ ಮುಟ್ಟುವಾಗ
ರನ್ನು ಬರೆಯುವವನು ಚಾ ಕುಡಿಯಲು ಹೋಗಿರುತ್ತಾನೆ.

ಮೈದಾನವೆಂದರೆ ಮುರಕಲ್ಲು,
ಜಾರಿದರೆ ಮಂಡಿ ಯಾವುದು ಮಣ್ಣು ಯಾವುದು ತಿಳಿಯದು.
ಹೊಯಿಗೆ ತುಂಬಿದ ಅಕ್ಕಿಚೀಲ ನಮ್ಮ ಬೇಸು.
ಹಿಂದೆ ಕಟ್ಟಿದ್ದು ಮಾವನ ಹರಿದ ಬಲೆ;
ಎರಡು ಮಳೆಗಾಲ ತೊಳೆದರೂ
ಅದಕ್ಕೆ ಮೀನಿನದೇ ನೆನಪು.

ಇವತ್ತು ಮಿಸ್ರಿಯಾ, ಮೊದಲ ಬಿ.ಕಾಂ.,
ಮೊದಲ ಸಲ ಕಣ್ಣು ಮುಚ್ಚದೆ ಹಿಡಿದಳು.
ಗ್ಲೌಸು ಕಳಚಿ, ಅಂಗೈ ಊದಿಕೊಂಡು
"ಮೇಡಂ, ಉರೀತದೆ" ಅಂದಳು.

ಹೌದು, ಅಂದೆ.
ಇನ್ನೊಂದು ಎಸೆದೆ.