ಆಡು ಕಳೆದಿದೆ

ಹನ್ನೊಂದು ಹಾಡು. ಆರಕ್ಕೆ ಇನ್ನೂ ಹಸಿವಾಸನೆ.
ಬೇಸು ಹೇಗೆ ಕೂತಿದೆ ನೋಡೋಣವೆಂದು
ಕರಿಬಸವನ ಟೆಂಪೋಗೆ ಪೆನ್‌ಡ್ರೈವ್ ಚುಚ್ಚಿದ್ದು ನಾವೇ,
ನಾನು, ಮುದಸ್ಸಿರ್, ಸೋಮವಾರ ರಾತ್ರಿ,
ಎಪಿಎಂಸಿ ಗೇಟಿನೆದುರು.
ಡೋರು ಅದುರಿತು, ಆಲೂಗಡ್ಡೆ ಮೂಟೆ ಅದುರಿತು,
'ಸಖತ್' ಅಂದ ಅವನು.
ಬಿಡಿಸಿಕೊಳ್ಳುವುದು ಮರೆತು
ಟೀ ಕುಡಿಯಲು ಹೋದೆವು.

ಬುಧವಾರ ಅರಸೀಕೆರೆ. ಗುರುವಾರ ಚನ್ನರಾಯಪಟ್ಟಣ.
ಶುಕ್ರವಾರ ನೈಟ್ ಶಿಫ್ಟು ಮುಗಿಸಿ ಬರುವಾಗ
ಕಾರ್ಖಾನೆ ಬಸ್ಸಿನ ಹಿಂದಿನ ಸೀಟಲ್ಲಿ
ಯಾವುದೋ ಹುಡುಗಿಯ ಫೋನಿನೊಳಗೆ ನನ್ನದೇ ಗಂಟಲು.
ಅದು ನಾನೇ ಎಂದು ಹೇಳಬೇಕೆನಿಸಿತು.
ಎರಡನೇ ಚರಣದಲ್ಲಿ ತಾಳ ತಪ್ಪುತ್ತದೆ,
ಗೊತ್ತಿತ್ತು, ಕಾದೆ, ತಪ್ಪಿತು.
ಅವಳು ಅಲ್ಲಿಗೇ ತಲೆಯಾಡಿಸಿದಳು.

ಪೆನ್‌ಷನ್ ಮೊಹಲ್ಲಾ ಠಾಣೆ.
'ಸಾರ್, ನನ್ನ ಆಡು ಕಳ್ತನ ಆಗೈತೆ.'
ನಮ್ಮ ನಾಲಿಗೆಯಲ್ಲಿ ಹಕಾರ ನಿಲ್ಲುವುದಿಲ್ಲ,
ಹಾಸನವೇ ಆಸ್ನ.
ರೈಟರು ತಲೆ ಎತ್ತದೆ ಬರೆದುಕೊಂಡರು.
'ಹೆಸರು?' 'ಚಿಕ್ಕತಾಯಮ್ಮ.'
'ಎಷ್ಟು ಆಡು?' 'ಅನ್ನೊಂದು.'
'ಬಣ್ಣ?'
'ಕೊಟ್ಟಿಗೆಗೆ ಬೀಗ ಇರಲಿಲ್ವಾ?'
'ಯಾವ ಜಾತಿ?'
ಬಾಯಿ ಒಣಗಿತು.
'ರ‍್ಯಾಪು, ಸಾರ್.'
ಆಗ ತಲೆ ಎತ್ತಿದರು.

ಮುದಸ್ಸಿರ್ ಮೂರು ರಾತ್ರಿ ಕೂತು
ತಪ್ಪಿದ ತಾಳ ಸರಿಮಾಡಿದ.
ಕೇಳಿದೆವು. ಇಸ್ತ್ರಿ ಚೆನ್ನಾಗಿತ್ತು,
ಅಂಗಿಯೊಳಗೆ ಯಾರೂ ಇರಲಿಲ್ಲ.

ಕೆಳಗಿನ ಹಿಟ್ಟಿನ ಗಿರಣಿಯ ಸದ್ದು
ಮೈಕಿಗೆ ನುಗ್ಗಿದ್ದಕ್ಕೆ ಒಮ್ಮೆ ಅತ್ತಿದ್ದೆ.
ಈಗ ಸಾಲಗಾಮೆ ರಸ್ತೆಯ ಹುಡುಗರು
ಸೈಕಲ್ ಮೇಲೆ ಅದನ್ನೇ ಗುರ್ರೆನ್ನುತ್ತ ಹೋಗುತ್ತಾರೆ,
ನನ್ನ ಮಾತು ಬಿಟ್ಟು, ಗಿರಣಿ ಮಾತ್ರ.
ಚೊಕ್ಕವಾಗಿ ಮತ್ತೊಮ್ಮೆ ಹಿಡಿಯೋಣವೆಂದು ಕಿಟಕಿ ತೆರೆದರೆ
ಶಂಕರಲಿಂಗಣ್ಣ ಬೆಲ್ಟು ಬದಲಿಸಿದ್ದಾರೆ.
ರಾಗಿ ಅದೇ. ರಾಗ ಬೇರೆ.

ಏಳನೆಯದು ಅಕ್ಕನದು.
ಹೆಸರು ಬದಲಿಸಬೇಕಿತ್ತು, ಊರು ಬದಲಿಸಬೇಕಿತ್ತು,
ಅವಳು ಬಾಗಿಲಲ್ಲಿ ನಿಂತ ಆ ಸಂಜೆಯನ್ನಾದರೂ.
ಬಿಡುಗಡೆಗೆ ತಿಂಗಳಿದೆಯಲ್ಲ ಅಂದುಕೊಂಡಿದ್ದೆ.
ಹೊಳೆನರಸೀಪುರದಿಂದ ಫೋನು.
ಬೈಯಲಿಲ್ಲ. ಹಿಂದೆ ಕುಕ್ಕರ್ ಮೂರು ಕೂಗು ಕೂಗಿತು.
'ಸೀರೆ ಅಸ್ರಲ್ಲ ಕಣೆ,' ಅಂದಳು, 'ನೀಲಿ.'
ಇಟ್ಟಳು.

ಏಳನೆಯದನ್ನು ತೆಗೆದೆವು.
ಆರಾದ ಮೇಲೆ ಎಂಟು ಎಂದೇ ನಂಬರು ಹಾಕಿದ ಮುದಸ್ಸಿರ್.
ಕೇಳಿದವರಿಗೆ ಹೇಳಬೇಡ ಅಂದೆ.
ಗಿರಣಿ ಉಳಿಯಿತು, ತಪ್ಪಿದ ತಾಳ ಉಳಿಯಿತು,
ಠಾಣೆಯ ಮಾತೇ ಮೊದಲ ಹಾಡಾಯಿತು.
'ಮೂರನೇ ಪಾಳಿ' ಎಂದು ವರ್ಷದಿಂದ ಇಟ್ಟುಕೊಂಡಿದ್ದ ಹೆಸರು ಹೋಗಿ
ಕವರಿನ ಮೇಲೆ 'ಸೊಪ್ಪು' ಬಂತು.
ಕರಿಬಸವ ಪೆನ್‌ಡ್ರೈವನ್ನು ಪೇಪರಲ್ಲಿ ಸುತ್ತಿ ತಂದ,
ಜೊತೆಗೆ ಅರ್ಧ ಮೂಟೆ ಆಲೂಗಡ್ಡೆ.
'ಕದ್ದಿಲ್ಲಕ್ಕ, ಹೆಮ್ಮೆಗೆ ಕೊಟ್ಟೆ,' ಅಂದ.

ಆಡು ಮುಟ್ಟದ ಸೊಪ್ಪಿಲ್ಲ ಅಂತ ಅಜ್ಜಿ ಅನ್ನುತ್ತಿದ್ದುದು
ಆಡನ್ನು ಬೈಯಲು. ನಮ್ಮವು
ಹೊಟ್ಟೆ ತುಂಬಿ ಬಂದವು,
ಯಾರದೋ ಬೇಲಿಯ ಚಿಗುರು ಬಾಯಲ್ಲೇ ಇಟ್ಟುಕೊಂಡು.

ಒಂದು ಬಂದಿಲ್ಲ.
ನಿನ್ನೆ ಬಸ್‌ಸ್ಟ್ಯಾಂಡಲ್ಲಿ ಸೌತೆಕಾಯಿ ಮಾರುವ ಹುಡುಗ
ಉಪ್ಪುಖಾರ ಸವರುತ್ತ ಗುನುಗುತ್ತಿದ್ದ:
ಹಸಿರು ಸೀರೆ, ಹಸಿರು ಸೀರೆ.
ನೀಲಿ ಅನ್ನಲು ಬಾಯಿ ತೆರೆದೆ.
ಹತ್ತು ರೂಪಾಯಿ ಅಂದ.